ರೊಜೇರ್ ತಿಬೊಡೋನ ಸರ್ಟಿಫಿಕೇಟು

ರೊಜೇರ್ ತಿಬೊಡೋ ಯಾರ ಮನೆಗೆ ಫರ್ನೇಸ್, ಅಂದರೆ ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವ ಒಲೆಯ, ರಿಪೇರಿಗೆ ಹೋದರೂ ನೇರ ನೆಲಮಾಳಿಗೆಗೆ ಇಳಿಯುವುದಿಲ್ಲ. ಮೊದಲು ಅಡುಗೆಮನೆಯ ಮೇಜಿನ ಮುಂದೆ ಕುಳಿತು ಒಂದು ಕಪ್ ಕಾಫಿ ಕುಡಿಯುತ್ತಾನೆ. ಗೊತ್ತಿಲ್ಲದವರು ಇವನೊಬ್ಬ ಮೈಗಳ್ಳ ಎಂದುಕೊಳ್ಳುತ್ತಾರೆ. ಗೊತ್ತಿದ್ದವರು ಬಾಯಿ ಮುಚ್ಚಿಕೊಂಡು ಇನ್ನೊಂದು ಕಪ್ ಬಗ್ಗಿಸುತ್ತಾರೆ. ಅವನು ಕಾಫಿ ಮುಗಿಸುವಷ್ಟರಲ್ಲಿ ಕೆಳಗಿನ ಫರ್ನೇಸ್ ಒಂದು ಸಲ ಹೊತ್ತಿಕೊಂಡು, ಉರಿದು, ಆರಿರುತ್ತದೆ. ಆ ಸದ್ದನ್ನು ಕಾಲಡಿಯ ಹಲಗೆಯಿಂದಲೇ ಕೇಳಿಸಿಕೊಂಡು ಅವನು ರೋಗ ಹೇಳುತ್ತಾನೆ.

"ಎದುರಿಗೆ ಹೋಗಿ ನಿಂತ್ರೆ ಯಂತ್ರ ಒಳ್ಳೇ ಮಗು ಥರ ಆಡುತ್ತೆ ವೆರ್ನಾ. ಯಾರೂ ನೋಡ್ತಿಲ್ಲ ಅಂದಾಗ್ಲೇ ಅದರ ನಿಜವಾದ ಬಣ್ಣ ಗೊತ್ತಾಗೋದು" ಎನ್ನುತ್ತಾನೆ. ನನ್ನ ಗಂಡನ ವಿಷಯದಲ್ಲೂ ಈ ಮಾತು ಅಕ್ಷರಶಃ ಸರಿ, ಆದ್ದರಿಂದ ನಾನು ಎಂದೂ ಎದುರು ಮಾತಾಡಿಲ್ಲ.

ವೆರ್ನಾ ಡೇಗಲ್ ಅಂದರೆ ನಾನು. ಮೇನ್ ರಾಜ್ಯದ ಉತ್ತರದ ತುದಿಯಲ್ಲಿ, ನದಿಯಾಚೆಗೆ ಕೆನಡಾ ಕಾಣುವ ನಮ್ಮೂರಿನಲ್ಲಿ, ತಂಗಿಯ ಬ್ಯೂಟಿ ಪಾರ್ಲರಿನ ಹಿಂದಿನ ಕೋಣೆಯಲ್ಲಿ ಕುಳಿತು ಊರವರ ತೆರಿಗೆ ಫಾರಂ ತುಂಬಿಕೊಡುತ್ತೇನೆ. ಸರ್ಕಾರದ ಫಾರಂ ಬರೆದವನು ಒಂದು ದಿನ ನನ್ನ ಕೈಗೆ ಸಿಕ್ಕಿದರೆ ಅವನಿಗೂ ಒಳ್ಳೆಯದಲ್ಲ, ನನಗೂ ಒಳ್ಳೆಯದಲ್ಲ. ಈ ಕಥೆ ಶುರುವಾಗುವುದೂ ಅಂಥ ಒಂದು ಫಾರಂನಿಂದಲೇ.

ಆ ವರ್ಷ ಅಕ್ಟೋಬರಿನಲ್ಲಿ ನನ್ನ ಪಕ್ಕದ ಮನೆಯ ಅಲ್ಫೋನ್ಸೀನ್ ಸಿರ್ ಅವರ ಎಣ್ಣೆ ಫರ್ನೇಸ್ ನಿಂತುಹೋಯಿತು. ಎಂಬತ್ತೊಂದು ವರ್ಷದ ಹೆಂಗಸು, ಊರಿಗೆಲ್ಲ ಅತ್ತೆ. ರೊಜೇರ್ ಬಂದ, ಕಾಫಿ ಕುಡಿದ, ಕೆಳಗಿಳಿದ, ಮೇಲೆ ಬಂದು ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

"ಹೋಗ್ಬಿಡ್ತು ಅತ್ತೆ. ಏನೂ ಮಾಡೋಕಾಗಲ್ಲ."

"ಎಷ್ಟು ವರ್ಷ ಆಗಿತ್ತೋ ಅದಕ್ಕೆ?"

"ನಲವತ್ತನಾಲ್ಕು."

"ನನ್ನ ಗಂಡನಿಗಿಂತ ಹೆಚ್ಚು ದಿನ ಜೊತೆಗಿತ್ತು" ಎಂದರು ಅತ್ತೆ. "ಅವನಿಗಿಂತ ಕಡಿಮೆ ಕೂಗಾಡ್ತಿತ್ತು."

ಅತ್ತೆ ಸುಳ್ಳು ಹೇಳುವವರಲ್ಲ. ಸತ್ತವರ ಬಗ್ಗೆ ಕೂಡ ಹೇಳುವುದಿಲ್ಲ. ಊರಿನ ಜಿಪುಣ ಓಮೆರ್ ಸತ್ತಾಗ, ಇಡೀ ಊರು ಚರ್ಚಿನಲ್ಲಿ ಸಾಲಾಗಿ ನಿಂತು ಅವನನ್ನು ಪುಣ್ಯಾತ್ಮ ಎಂದು ಕೊಂಡಾಡುತ್ತಿದ್ದಾಗ, ಅವನ ಹೆಂಡತಿಯ ಕೈ ಹಿಡಿದು "ಇನ್ನಾದರೂ ಮನೇಲಿ ದೀಪ ಹಚ್ಕೊಂಡು ಕೂತ್ಕೋ" ಎಂದವರು ಅವರು.

ಹೊಸದಾಗಿ ಹೀಟ್ ಪಂಪ್ ಹಾಕಿಸಿದರೆ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತಿತ್ತು. ಚಳಿಗಾಲದಲ್ಲಿ ಬಿಸಿ, ಬೇಸಿಗೆಯಲ್ಲಿ ತಂಪು, ಎರಡನ್ನೂ ಕೊಡುವ ಯಂತ್ರ. ಒಂದು ಪೆಟ್ಟಿಗೆ ಒಳಗೆ ಗೋಡೆಯ ಮೇಲೆ, ಇನ್ನೊಂದು ಹೊರಗೆ ಹಿಮದಲ್ಲಿ. ರಿಯಾಯಿತಿ ಇಲ್ಲದೆ ಅತ್ತೆಗೆ ಅದನ್ನು ಕೊಳ್ಳುವ ಶಕ್ತಿ ಇರಲಿಲ್ಲ. ಆದರೆ ಫಾರಂನಲ್ಲಿ ಎರಡು ಷರತ್ತುಗಳಿದ್ದವು. ಡಿಸೆಂಬರ್ ಮೂವತ್ತೊಂದರೊಳಗೆ ಯಂತ್ರ ಓಡುತ್ತಿರಬೇಕು. ಸರ್ಟಿಫಿಕೇಟ್ ಇರುವ ಟೆಕ್ನಿಶಿಯನ್ನೇ ಅದನ್ನು ಕೂರಿಸಿರಬೇಕು. ರೊಜೇರ್ ಹತ್ತಿರ ಫರ್ನೇಸಿನ ಲೈಸೆನ್ಸ್ ಇತ್ತು, ಹೀಟ್ ಪಂಪಿನ ಸರ್ಟಿಫಿಕೇಟ್ ಇರಲಿಲ್ಲ.

"ಬೇರೆಯವರನ್ನ ಕರೆಸೋಣ ಅತ್ತೆ" ಎಂದೆ.

"ಹಳೇ ಫರ್ನೇಸ್ ಕಳಚೋಕೂ ಅಷ್ಟೆ, ನನ್ನ ನೆಲಮಾಳಿಗೆಗೆ ರೊಜೇರ್ ಬಿಟ್ಟು ಇನ್ನೊಬ್ಬ ಇಳಿಯೋ ಹಾಗಿಲ್ಲ."

ಅಲ್ಲಿ ಅವರು ಕದ್ದುಮುಚ್ಚಿ ಮಾಡುವ ದಂಡೇಲಿಯನ್ ಹೂವಿನ ವೈನಿನ ಜಾಡಿಗಳಿದ್ದವು. ಮೂವತ್ತು ವರ್ಷ ಆ ಜಾಡಿಗಳನ್ನು ದಾಟಿಕೊಂಡು ಓಡಾಡಿದರೂ ರೊಜೇರ್ ಒಬ್ಬರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಅಂಥ ನಂಬಿಕೆಯನ್ನು ಯಾವ ಸರ್ಟಿಫಿಕೇಟೂ ಕೊಡುವುದಿಲ್ಲ, ನಿಜ. ಆದರೆ ಫಾರಂನಲ್ಲಿ ಅದನ್ನು ಬರೆಯಲು ಜಾಗವೂ ಇಲ್ಲ.

ಹೀಗೆ ಅರವತ್ತಮೂರನೇ ವಯಸ್ಸಿನಲ್ಲಿ ರೊಜೇರ್ ಪರೀಕ್ಷೆಗೆ ಕುಳಿತ. ಅಲ್ಲಿಯವರೆಗೆ ಅತ್ತೆ ಅಡುಗೆಮನೆಯ ಸೌದೆ ಒಲೆಯನ್ನೇ ನೆಚ್ಚಿಕೊಂಡಿದ್ದರು. ಎರಡು ಗಂಟೆ ದಾರಿಯ ತರಬೇತಿ ಕೇಂದ್ರ, ನಲವತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಎ, ಬಿ, ಸಿ, ಡಿ ಎಂದು ನಾಲ್ಕು ಉತ್ತರ. ಒಂದಕ್ಕೆ ಗುರುತು ಹಾಕಬೇಕು, ಅಷ್ಟೇ. ಒಂದು ವಾರದ ಮೇಲೆ ಫೇಲ್ ಎಂಬ ಕಾಗದ ಬಂತು. ಅದರ ಜೊತೆಗಿದ್ದ ಉತ್ತರಪತ್ರಿಕೆಯನ್ನು ಅವನು ಪಾರ್ಲರಿಗೆ ತಂದು ನನ್ನ ಮುಂದೆ ಹಾಸಿದ.

'ಗ್ರಾಹಕರ ಮನೆ ತಲುಪಿದ ಕೂಡಲೇ ಟೆಕ್ನಿಶಿಯನ್ ಮಾಡಬೇಕಾದ ಮೊದಲ ಕೆಲಸ ಯಾವುದು?' ನಾಲ್ಕು ಉತ್ತರಗಳೂ ಅವನಿಗೆ ಒಪ್ಪಿಗೆಯಾಗಿರಲಿಲ್ಲ. ಕೆಳಗೆ ತಾನೇ ಒಂದು ಗೆರೆ ಎಳೆದು, 'ಇ' ಎಂದು ಬರೆದು, ಮುದ್ದಾದ ಅಕ್ಷರದಲ್ಲಿ 'ಕುಳಿತು ಒಂದು ಕಾಫಿ ಕುಡಿಯುವುದು' ಎಂದು ಸೇರಿಸಿ, ಅದಕ್ಕೆ ಗುರುತು ಹಾಕಿದ್ದ. ಹೀಗೆ ಹನ್ನೊಂದು ಕಡೆ. ಮೂವತ್ತೆರಡನೇ ಪ್ರಶ್ನೆಯ 'ಇ'ಯಲ್ಲಿ ನಾಯಿಯ ವಿಷಯವೂ ಬಂದಿತ್ತು.

"ಪರೀಕ್ಷೆ ತಿದ್ದೋದು ಮೆಷಿನ್ನು ರೊಜೇರ್. ಅದಕ್ಕೆ 'ಇ' ಅಂದ್ರೇನು ಅಂತಾನೇ ಗೊತ್ತಿಲ್ಲ."

"ಗೊತ್ತಿಲ್ಲದೋರ ಹತ್ರ ಯಾಕೆ ತಿದ್ದಿಸ್ತಾರೆ?"

"ತಪ್ಪಾದ್ರೂ ಪರವಾಗಿಲ್ಲ, ನಾಲ್ಕರಲ್ಲೇ ಒಂದನ್ನ ಆರಿಸ್ಕೋ."

"ತಪ್ಪು ಅಂತ ಗೊತ್ತಿದ್ದೂ ಗುರುತು ಹಾಕ್ಲಾ? ನಲವತ್ತು ವರ್ಷ ಈ ಕೆಲಸ ಮಾಡಿದ್ದೀನಿ ಕಣೇ."

ಅವನ ಮುಖ ನೋಡಿ ನನಗೆ ನಗುವೂ ಬಂತು, ಪಾಪ ಎಂದೂ ಅನ್ನಿಸಿತು. ಮುಂದಿನ ಸಲವೂ ಆಗದಿದ್ದರೆ ಟೂಲ್ ಬ್ಯಾಗ್ ಗೂಟಕ್ಕೆ ನೇತುಹಾಕಿ, ಗಾಳ ಹಾಕುವವರಿಗೆ ಎರೆಹುಳ ಮಾರುತ್ತೇನೆ ಎಂದ. ತಮಾಷೆಗೆ ಹೇಳಿದ್ದಲ್ಲ. ವ್ಯಾನಿನ ಹಿಂದುಗಡೆ ಹುಳ ಸಾಕುವ ಮರದ ಡಬ್ಬಿಯನ್ನು ನಾನೇ ನೋಡಿದೆ.

ಎರಡನೇ ಸಲ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಬಾಗಿಲಲ್ಲಿ ನಿಲ್ಲಿಸಿ, ಅವನಮ್ಮನ ಜಪಮಾಲೆಯ ಮೇಲೆ ಕೈ ಇಡಿಸಿ, ಕೊಟ್ಟ ನಾಲ್ಕು ಉತ್ತರಗಳಾಚೆ ಒಂದಕ್ಷರ ಬರೆಯುವುದಿಲ್ಲ ಎಂದು ಆಣೆ ಮಾಡಿಸಿದೆ. ಎರಡು ಅಂಕ ಹೆಚ್ಚಿಗೇ ಬಂದು ಪಾಸಾದ. ಆದರೂ ಸರ್ಟಿಫಿಕೇಟ್ ಕೈಗೆ ಬರಲಿಲ್ಲ. ಒಂದು ಮನೆಯಲ್ಲಿ ಯಂತ್ರ ಕೂರಿಸಿ ತೋರಿಸಬೇಕಿತ್ತು. ಇನ್‌ಸ್ಪೆಕ್ಟರ್ ಬಂದು ನೋಡಿ ಒಪ್ಪಿದರೆ ಅವನಿಗೆ ಸರ್ಟಿಫಿಕೇಟ್, ಆ ಮನೆಯವರಿಗೆ ರಿಯಾಯಿತಿ. ಒಪ್ಪದಿದ್ದರೆ ಇಬ್ಬರಿಗೂ ಇಲ್ಲ, ಮುಂದಿನ ಅವಕಾಶ ವಸಂತದಲ್ಲಿ. ಅಷ್ಟರಲ್ಲಿ ಡಿಸೆಂಬರ್ ಮೂವತ್ತೊಂದು ಕಳೆದಿರುತ್ತದೆ.

ಡಿಸೆಂಬರ್ ಹದಿನೆಂಟನೇ ತಾರೀಕು ಅತ್ತೆಯ ಮನೆಯಲ್ಲಿ ಯಂತ್ರ ಕೂರಿಸಿದ. ಅವನು ಅಷ್ಟು ಹುಷಾರಾಗಿ ಕೆಲಸ ಮಾಡಿದ್ದನ್ನು ನಾನು ನೋಡಿರಲಿಲ್ಲ. ಕೊನೆಗೆ ಗ್ರಾಹಕರಿಗೆ ಓದಿ ವಿವರಿಸಿ ಸಹಿ ಹಾಕಿಸಿಕೊಳ್ಳಬೇಕಾದ ಹದಿನಾಲ್ಕು ಸೂಚನೆಗಳ ಹಾಳೆಯೊಂದಿತ್ತು. ಅತ್ತೆ ಅಷ್ಟು ಹೊತ್ತಿಗೆ ಹುರುಳಿಲ್ಲದ ಮಾತು ಬೇಡ, ಪ್ಲಾಯ್ ಆರಿಹೋಗುತ್ತದೆ ಎಂದು, ನಮ್ಮ ಕಡೆ ಪ್ಲಾಯ್ ಎನ್ನುವ ಬಿಸಿ ದೋಸೆಗಳ ತಟ್ಟೆ, ಬೆಣ್ಣೆ, ಕೋಳಿ ಸಾರು ಎಲ್ಲವನ್ನೂ ತಂದಿಟ್ಟರು. ಹಾಳೆಯ ಮೇಲೆ ರೊಜೇರ್ ಕಾಫಿ ಕಪ್ ಇಟ್ಟ. ಊಟವಾದ ಮೇಲೆ ಕಪ್ಪನ್ನು ಸರಿಸಿ, "ಇಲ್ಲೊಂದು ಸಹಿ ಅತ್ತೆ" ಎಂದ. ಅತ್ತೆ ಹಾಕಿದರು. ನಾನು ಅಲ್ಲೇ ಕುಳಿತು ನಾಲ್ಕನೇ ಪ್ಲಾಯ್ ಸುತ್ತುತ್ತಿದ್ದೆ. ಒಂದು ಸಾಲನ್ನೂ ಯಾರೂ ಓದಲಿಲ್ಲ.

ಇಪ್ಪತ್ತೊಂಬತ್ತನೇ ತಾರೀಕು ಬೆಳಿಗ್ಗೆ ಮಿಸ್ ಹ್ಯಾಡ್ಲಾಕ್ ಎಂಬ ಇನ್‌ಸ್ಪೆಕ್ಟರ್ ಬಂದಳು, ಅವಳ ಹಿಂದೆಯೇ ರೊಜೇರ್ ಮತ್ತು ನಾನು. ಹಿಂದಿನ ರಾತ್ರಿ ಸೊನ್ನೆಗಿಂತ ಇಪ್ಪತ್ತನಾಲ್ಕು ಡಿಗ್ರಿ ಕೆಳಗೆ ಇಳಿದಿತ್ತು. ಮುಂದಿನ ಕೋಣೆಗೆ ಕಾಲಿಟ್ಟರೆ ಉಸಿರು ಹೊಗೆಯಾಗುತ್ತಿತ್ತು. ಗೋಡೆಯ ಮೇಲಿನ ಯಂತ್ರದಲ್ಲಿ ಕೆಂಪು ದೀಪ ಮಿಣುಕುತ್ತಿತ್ತು.

"ಯಾವಾಗಿಂದ ಹೀಗಿದೆ?" ಎಂದು ಕೇಳಿದಳು ಮಿಸ್ ಹ್ಯಾಡ್ಲಾಕ್.

"ಬೆಳಗಿನ ಜಾವದಿಂದ" ಎಂದರು ಅತ್ತೆ. "ಅವನಿಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ."

ರೊಜೇರ್ ಮುಖದಲ್ಲಿ ರಕ್ತವೇ ಇರಲಿಲ್ಲ. ಮಿಸ್ ಹ್ಯಾಡ್ಲಾಕ್ ಮುಚ್ಚಳ ತೆಗೆದಳು, ಮೀಟರ್ ಹಚ್ಚಿದಳು, ಪುಸ್ತಕ ತಿರುವಿದಳು, ಒಂದೊಂದಕ್ಕೂ ಹುಬ್ಬು ಗಂಟಿಕ್ಕಿ ಏನೋ ಬರೆದುಕೊಂಡಳು. ಇವತ್ತು ಅವಳ ಮುಂದೆ ಕಾಫಿಗೆ ಕೂರಬೇಡ ಎಂದು ನಾನು ಅವನಿಗೆ ಮೊದಲೇ ಹೇಳಿದ್ದೆ. ಅವನು ಅರ್ಧ ಗಂಟೆ ಕೈಕಟ್ಟಿ ನಿಂತೇ ಇದ್ದ. ಕೊನೆಗೆ ಅತ್ತೆಗೆ ತಡೆಯಲಾಗಲಿಲ್ಲ.

"ಏನಾದ್ರೂ ಆಗ್ಲಿ, ಕೂತ್ಕೊಳೋ. ಹೆಣದ ಥರ ನಿಂತಿದ್ದೀಯ."

ಅವನು ಅಡುಗೆಮನೆಯಲ್ಲಿ ಕುಸಿದು ಕುಳಿತ. ಅತ್ತೆ ಕಾಫಿ ಬಗ್ಗಿಸಿದರು. ಎರಡು ಗುಟುಕು ಕುಡಿದವನು ಕಪ್ಪನ್ನು ಹಾಗೇ ಗಾಳಿಯಲ್ಲಿ ಹಿಡಿದು ತಲೆ ಓರೆ ಮಾಡಿದ. ಹಿತ್ತಿಲ ಕಡೆಯಿಂದ ಏನೋ ಸಣ್ಣಗೆ ಶುರುವಾಗಿ, ಉಸಿರುಕಟ್ಟಿ, ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಹಾಗೇ ಆಯಿತು.

"ಮೇಡಂ, ಮೀಟರ್ ಎತ್ತಿಡಿ" ಎಂದ ರೊಜೇರ್. "ಯಂತ್ರಕ್ಕೆ ಏನೂ ಆಗಿಲ್ಲ. ಯಾರೋ ಅದಕ್ಕೆ ಕಂಬಳಿ ಹೊದಿಸಿದ್ದಾರೆ."

ಮಿಸ್ ಹ್ಯಾಡ್ಲಾಕ್ ಅವನನ್ನು ನೋಡಿದಳು. ನಾನು ಅತ್ತೆಯನ್ನು ನೋಡಿದೆ. ಅತ್ತೆ ಕೆಟಲ್ ನೋಡಿದರು.

ಎಲ್ಲರೂ ಹಿತ್ತಿಲಿಗೆ ಹೋದೆವು. ನಮ್ಮಲ್ಲಿ ಹಿಮ ಬೀಳುವ ಮುಂಚೆ ಮನೆಯ ಪಾಯದ ಸುತ್ತ ಫರ್ ಮರದ ಕೊಂಬೆಗಳನ್ನು ಒತ್ತಾಗಿ ಜೋಡಿಸುತ್ತಾರೆ, ಒಳಗಿನ ಬಿಸಿ ಸೋರದಿರಲಿ ಎಂದು. ಅತ್ತೆ ಆ ಸಾಲನ್ನು ಹೊರಗಿನ ಪೆಟ್ಟಿಗೆಯವರೆಗೂ ಮುಂದುವರಿಸಿದ್ದರು. ನಾಲ್ಕೂ ಕಡೆ ಕೊಂಬೆ, ಅದರ ಒಳಗೆ ಅವರ ಮದುವೆಯ ಕಾಲದ ದಪ್ಪ ಕಂಬಳಿ. ಅದು ಜಾರದಂತೆ ಸುತ್ತಲೂ ಹಗ್ಗ, ಹಗ್ಗಕ್ಕೆ ಚೆಂದದ ಗಂಟು. ಗಾಳಿ ಎಳೆದುಕೊಳ್ಳಲು ಒಂದು ಬೆರಳಿನ ಸಂದೂ ಇರಲಿಲ್ಲ.

"ನಿನ್ನೆ ಸಂಜೆ ಬಂದು ನೋಡ್ದೆ, ಗಡಗಡ ನಡುಗ್ತಿತ್ತು" ಎಂದರು ಅತ್ತೆ. "ಅದನ್ನ ಹೊರಗೆ ಚಳೀಲಿ ಬಿಟ್ಟು ನಾನು ಒಳಗೆ ಬೆಚ್ಚಗೆ ಮಲಗೋದು ಹ್ಯಾಗೆ?"

ಕಂಬಳಿ ಬಿಚ್ಚಿದ ಹತ್ತು ನಿಮಿಷಕ್ಕೆ ಯಂತ್ರ ಓಡತೊಡಗಿತು. ಆದರೆ ಮಿಸ್ ಹ್ಯಾಡ್ಲಾಕ್ ಅಡುಗೆಮನೆಗೆ ಬಂದು ಆ ಹದಿನಾಲ್ಕು ಸೂಚನೆಗಳ ಹಾಳೆಯನ್ನು ಕೇಳಿದಳು. ರೊಜೇರ್ ಕೊಟ್ಟ. ಹನ್ನೊಂದನೇ ಸಾಲಿನಲ್ಲಿ, ಕಾಫಿ ಕಪ್ಪಿನ ಕಂದು ಉಂಗುರದ ನಟ್ಟನಡುವೆ, 'ಹೊರಗಿನ ಘಟಕವನ್ನು ಯಾವ ಕಾರಣಕ್ಕೂ ಮುಚ್ಚಬಾರದು' ಎಂದಿತ್ತು.

"ಯಂತ್ರ ಸರಿಯಾಗಿದೆ" ಎಂದಳು ಅವಳು. "ಗ್ರಾಹಕರಿಗೆ ತಿಳಿಸಿ ಹೇಳೋದೂ ಟೆಕ್ನಿಶಿಯನ್ ಕೆಲಸವೇ. ಅದಿಲ್ಲದಿದ್ರೆ ನಾನು ಪಾಸ್ ಮಾಡೋ ಹಾಗಿಲ್ಲ. ಅಮ್ಮ, ಇದನ್ನ ಇವರು ನಿಮಗೆ ಓದಿ ಹೇಳಿದ್ರಾ?"

ರೊಜೇರ್ ಬಾಯಿ ತೆರೆದ. "ಮೇಡಂ, ನಿಜ ಹೇಳ್ಬೇಕಂದ್ರೆ..."

"ನೀನು ಸುಮ್ನಿರೋ, ಕೇಳಿದ್ದು ನನ್ನನ್ನ" ಎಂದರು ಅತ್ತೆ. ಮೇಜಿನ ಕೆಳಗೆ ಅವನ ಕಾಲು ತುಳಿದದ್ದು ನನಗೆ ಕಾಣಿಸಿತು. ಆಮೇಲೆ ಆ ಹೆಂಗಸು, ಸತ್ತ ಓಮೆರ್‌ನಿಗೂ ರಿಯಾಯಿತಿ ತೋರಿಸದ ಹೆಂಗಸು, ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದರು: "ಎರಡು ಸಲ ಓದಿ ಹೇಳ್ದ. ನಾನೇ ಕೇಳಿಸ್ಕೊಳ್ಳಲಿಲ್ಲ."

ಮಿಸ್ ಹ್ಯಾಡ್ಲಾಕ್ ನನ್ನ ಕಡೆ ತಿರುಗಿದಳು. ನಾನು ಸಕ್ಕರೆ ಡಬ್ಬಿಯಲ್ಲಿ ಸಕ್ಕರೆ ಎಷ್ಟಿದೆ ಎಂದು ನೋಡುತ್ತಿದ್ದೆ. ಅವಳು ಒಂದು ನಿಮಿಷ ಆ ಉಂಗುರವನ್ನೇ ದಿಟ್ಟಿಸಿದಳು, ಪೆನ್ನು ತೆಗೆದಳು, ಸಹಿ ಹಾಕಿದಳು. ಹೊರಡುವಾಗ ಬಾಗಿಲಲ್ಲಿ ನಿಂತು, "ಕಂಬಳಿ ಅಂತ ನಿಮಗೆ ಹ್ಯಾಗೆ ಗೊತ್ತಾಯ್ತು?" ಎಂದು ರೊಜೇರ್‌ನನ್ನು ಕೇಳಿದಳು.

"ಅದು ನಿಮ್ಮ ಪರೀಕ್ಷೇಲಿ 'ಇ' ಮೇಡಂ" ಎಂದ ಅವನು.

ಅವಳ ಕಾರು ತಿರುವು ದಾಟಿದ ಮೇಲೆ ನಾನು ನೆಲಮಾಳಿಗೆಯಿಂದ ಒಂದು ಜಾಡಿ ತರಲೇ ಎಂದೆ. ಅತ್ತೆ ಕುರ್ಚಿಯಲ್ಲಿ ಸಣ್ಣಗಾಗಿ ಕುಳಿತು ಜಪಮಾಲೆಯನ್ನು ಬೆರಳಿಗೆ ಸುತ್ತುತ್ತಿದ್ದರು. ಎಂಬತ್ತೊಂದು ವರ್ಷ ಕಾಪಾಡಿಕೊಂಡು ಬಂದ ಸತ್ಯವನ್ನು ಅವನಿಗಾಗಿ ಕಳೆದುಕೊಂಡಿದ್ದರು.

"ಶನಿವಾರ ಪಾದ್ರಿಗಳ ಹತ್ರ ಈ ಪಾಪ ಹೇಳ್ಕೋಬೇಕು" ಎಂದರು.

"ಏನೂ ಬೇಡ. ಅತ್ತೆ, ಹೀಗೆ ಈ ಕಡೆ ತಿರುಗಿ" ಎಂದ ರೊಜೇರ್. ಕನ್ನಡಕ ಹಾಕಿಕೊಂಡ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಚರ್ಚಿನಲ್ಲಿ ಓದುವಂತೆ ನಿಧಾನವಾಗಿ, ಒಂದನೇ ಸೂಚನೆಯಿಂದ ಓದತೊಡಗಿದ. ಹದಿನಾಲ್ಕೂ ಮುಗಿಸಿ, ಹಾಳೆ ತಿರುಗಿಸಿ, ಮತ್ತೆ ಒಂದನೆಯದರಿಂದ ಶುರುಮಾಡಿದ. ಮುಂದಿನ ಕೋಣೆಯಿಂದ ಬೆಚ್ಚನೆಯ ಗಾಳಿ ಬರುತ್ತಿತ್ತು. ಮೊದಲ ಸಲದ ಆರನೇ ಸೂಚನೆಯ ಹೊತ್ತಿಗೇ ಅತ್ತೆಯ ಗಲ್ಲ ಎದೆಗೆ ಇಳಿದಿತ್ತು. ಎಂಟನೆಯದಕ್ಕೆ ಗೊರಕೆ ಕೇಳಿಸಿತು. ರೊಜೇರ್ ದನಿ ತಗ್ಗಿಸಿದನೇ ಹೊರತು ನಿಲ್ಲಿಸಲಿಲ್ಲ. ಎರಡನೇ ಸಲವೂ ಹದಿನಾಲ್ಕನೆಯದರ ಕೊನೆಯ ಪದದವರೆಗೂ ಓದಿ, ಹಾಳೆ ಮಡಿಸಿ, ಕನ್ನಡಕ ತೆಗೆದ.

"ಸರಿಹೋಯ್ತು ನೋಡು ವೆರ್ನಾ" ಎಂದ ಪಿಸುಮಾತಿನಲ್ಲಿ. "ಎರಡು ಸಲ ಓದಿದೆ. ಅವರು ಕೇಳಿಸ್ಕೊಳ್ಳಲಿಲ್ಲ."