ಮರ ಬಿಡಿ ಸರ್

ಯಲ್ಲಾಪುರದ ಕಡೆ ಕಾಳಿ ಹಿನ್ನೀರಿಗೆ ಸ್ನೇಹಿತರ ಜೊತೆ ಹೋಗಿದ್ದೆ. ಒಬ್ಬರೇ ಕೂತು ನಡೆಸುವ ಸಣ್ಣ ದೋಣಿ, ಕಯಾಕ್, ಅಲ್ಲಿ ಸಿಗುತ್ತದೆ. ಕಲಿಸುವವರು ನಾಗವೇಣಿ, ಮೂವತ್ತೈದರ ಆಸುಪಾಸಿನ ಹೆಂಗಸು. "ಒಣಮರದ ಹತ್ರ ಹೋಗ್ಬೇಡಿ, ನೀರೊಳಗೆ ಕೊಂಬೆ ಇರ್ತದೆ" ಎಂದು ಮೊದಲೇ ಹೇಳಿದ್ದರು. ಮರದ ಮೇಲೆ ಕೂತಿದ್ದ ನೀರುಕಾಗೆಯ ಫೋಟೊ ತೆಗೆಯುವ ಆಸೆಗೆ ನಾನು ಹೋದೆ. ದೋಣಿ ಕೊಂಬೆಗೆ ಸಿಕ್ಕಿ ವಾಲಿತು. ಹುಟ್ಟು ಬಿಟ್ಟು ಮರವನ್ನು ತಬ್ಬಿಕೊಂಡು ಕೂಗಿದೆ.

ನಾಗವೇಣಿ ತಮ್ಮ ದೋಣಿಯಲ್ಲಿ ಅವಸರವಿಲ್ಲದೆ ಬಂದರು.

"ಮರ ಬಿಡಿ ಸರ್. ಅದನ್ನ ಹಿಡ್ಕಂಡ್ರೇ ಮಗುಚೂದು."

ಬಿಡಲು ನನಗೆ ಧೈರ್ಯ ಸಾಲಲಿಲ್ಲ. ಅವರು ಬೈಯಲಿಲ್ಲ. ನನ್ನ ಕೈ ತಾನಾಗಿ ಸಡಿಲವಾಗುವವರೆಗೂ ಪಕ್ಕದಲ್ಲೇ ಇದ್ದು, ಆ ಹಕ್ಕಿಯ ಬಗ್ಗೆ ಏನೇನೋ ಮಾತಾಡುತ್ತಿದ್ದರು. ಆಮೇಲೆ ಒಂದೇ ಸಲ ತಳ್ಳಿ ದೋಣಿ ಬಿಡಿಸಿದರು.

ದಡಕ್ಕೆ ಬರುವಾಗ, ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದೆ.

"ಕಲಿಯೂದು ಎಂತದು? ಅಣೆಕಟ್ಟು ತುಂಬಿದ ಮೇಲೆ ನಮ್ಮೂರ ರಸ್ತೆ ಮುಳುಗ್ತು. ತಮ್ಮನ್ನ ಕೂರಿಸ್ಕಂಡು ದೋಣೀಲೇ ಶಾಲೆಗೆ ಹೋಗ್ತಿದ್ದೆ. ಅವನೂ ಹಿಂಗೇ ಕೂಗ್ತಿದ್ದ. ನಿಮ್ಗೆ ಎಂತ ಕೆಲಸ ಸರ್?"

ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು. "ಸರ್ಕಾರಿ ನೌಕರಿ" ಎಂದಷ್ಟೇ ಹೇಳಿದೆ.