ಕೆರೆ ಏರಿಯ ಮೇಲಿನ ಹೆಗಲು

ನಾನು ಬರೆದ ಕವಿತೆಗಳಲ್ಲಿ ಅಮ್ಮ ಕಿವಿಯಾರೆ ಕೇಳಿದ್ದು ಒಂದನ್ನೇ. ಹೋದ ವರ್ಷ ಕುಣಿಗಲ್ಲಿನ ಶಾಲೆಯೊಂದರಲ್ಲಿ ಕವಿಗೋಷ್ಠಿ ಇತ್ತು. ಗುಬ್ಬಿಯಲ್ಲಿರುವ ಅಮ್ಮ ಆ ವಾರ ತುಮಕೂರಿಗೆ, ಮರಳೂರಿನ ನಮ್ಮ ಮನೆಗೆ ಬಂದಿದ್ದಳು. ಕುಣಿಗಲ್ ಅವಳ ತವರು. "ನಾನೂ ಬರ್ತೀನಿ. ಆ ಊರು ನೋಡಿ ಎಷ್ಟೋ ವರ್ಷ ಆಯ್ತು" ಎಂದು ಹೊರಟಳು.

ಕವಿತೆ ಅವಳ ಮೇಲೆಯೇ ಬರೆದದ್ದು. ಮೂರು ವರ್ಷದ ನಾನು ಅಮ್ಮನ ಹೆಗಲ ಮೇಲೆ ಅರೆನಿದ್ದೆಯಲ್ಲಿದ್ದೇನೆ. ಅಮ್ಮ ಕುಣಿಗಲ್ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದಾಳೆ. ಒಂದು ಕಡೆ ನೀರು, ಇನ್ನೊಂದು ಕಡೆ ಭತ್ತದ ಗದ್ದೆ. ಸಂಜೆಯ ಬೆಳಕಿನಲ್ಲಿ ಎರಡೂ ತೇಲುತ್ತವೆ, ಯಾವುದು ನೀರು ಯಾವುದು ಪೈರು ಎಂದು ತಿಳಿಯುವುದಿಲ್ಲ. ಕೆನ್ನೆಗೆ ತಾಗುವ ಬಟ್ಟೆಯಲ್ಲಿ ಹೊಗೆಯ, ಬಿಸಿ ಬೆಲ್ಲದ ವಾಸನೆ. ನನ್ನ ಮೊಟ್ಟಮೊದಲ ನೆನಪು ಅದೇ ಎಂದು ನಂಬಿಕೊಂಡಿದ್ದೆ.

ನಾನು ಓದಿ ಮುಗಿಸಿದಾಗ ಕೊನೆಯ ಸಾಲಿನಲ್ಲಿ ಕೂತಿದ್ದ ಅಮ್ಮ ಚಪ್ಪಾಳೆ ತಟ್ಟಲಿಲ್ಲ. ಹೊರಗೆ ಬಂದಮೇಲೆ "ಏರಿ ತಾವ ಹೋಗ್ಬರಾನ ನಡಿ" ಎಂದಳು. ಆಟೋ ಹಿಡಿದು ಹೋದೆವು. ಗಾಳಿಗೆ ನೀರು ಸಣ್ಣಗೆ ನಡುಗುತ್ತಿತ್ತು.

"ನಿನ್ನ ನಾನು ಇಲ್ಲಿಗೆ ಎತ್ಕೊಂಡ್ ಬಂದೇ ಇಲ್ಲ ಕಣೇ" ಎಂದಳು. "ನೀನು ಹುಟ್ಟೋಕ್ ಮುಂಚೇನೇ ನಮ್ಮಪ್ಪ ಹೋದ್ರು. ಆಮೇಲೆ ಈ ಕಡೆ ಬರೋದೇ ನಿಂತೋಯ್ತು. ಹೆಗಲ ಮೇಲಿದ್ದೋಳು ನಾನು. ಎತ್ಕೊಂಡಿದ್ದು ನಮ್ಮಪ್ಪ. ನಿಂಗೆ ತಲೆ ಬಾಚೋವಾಗ ಹೇಳ್ತಿದ್ದೆ. ಅದ್ನೇ ನಿಂದು ಅನ್ಕೊಂಡಿದೀಯ."

ಇನ್ನೊಬ್ಬರ ನಿದ್ದೆಯೊಳಗೆ ಇಷ್ಟು ದಿನ ನಡೆದಾಡುತ್ತಿದ್ದೆನೇ ಎನಿಸಿತು. ನಾಚಿಕೆಯೂ ಆಯಿತು.

"ಮತ್ತೆ ಆ ವಾಸನೆ?" ಎಂದೆ.

ಅಮ್ಮ ನೀರಿನತ್ತ ತಿರುಗಿದಳು. "ನಮ್ಮಪ್ಪನ ಟವಲ್ದು. ಬೆಲ್ಲ ಕಾಯ್ಸೋ ಆಲೆಮನೇಲಿ ಕೆಲ್ಸ ಮಾಡೋರು. ನಿಂಗೆ ಯಾವತ್ತು ಹೇಳಿದ್ನೋ, ನಂಗೇ ಮರ್ತೋಗಿತ್ತು. ನೀನು ಓದ್ತಿದ್ದಂಗೆ ಮೂಗಿಗೆ ಬಂತು ನೋಡು."

ಅವಳ ಕಣ್ಣು ತುಂಬಿತ್ತು. ನಾನು ಚೀಲದಿಂದ ಹಾಳೆ ತೆಗೆದು 'ಅಮ್ಮ' ಎಂದಿದ್ದ ಕಡೆಯೆಲ್ಲ 'ಅಜ್ಜ' ಎಂದು ತಿದ್ದಲು ಹೋದೆ. ಅವಳು ನನ್ನ ಕೈ ಹಿಡಿದಳು.

"ಹೊಡೆದಾಕ್ಬೇಡ. ಏರಿ ಮ್ಯಾಲೆ ಅಲ್ದಿದ್ರೂ ಗುಬ್ಬೀಲಿ ನಿನ್ನ ಎತ್ಕೊಂಡು ತಿರುಗಿಲ್ವ ನಾನು? ಇರ್ಲಿ ಬುಡು."

ಕವಿತೆ ಹಾಗೆಯೇ ಉಳಿಯಿತು. ಆದರೆ ಅಂದಿನಿಂದ ಅಮ್ಮನಿಗೆ ಅವಳ ಅಪ್ಪನ ಸಂಗತಿಗಳು ಒಂದೊಂದಾಗಿ ನೆನಪಾಗತೊಡಗಿದವು. ಸಂಜೆ ನನ್ನ ಮಗಳು ಸ್ಕೂಲಿಂದ ಬರುವ ಹೊತ್ತಿಗೆ ಗುಬ್ಬಿಯಿಂದ ಫೋನ್ ಬರುತ್ತದೆ. ಮಗಳು ಸ್ಪೀಕರ್ ಹಾಕಿ ಟೇಬಲ್ ಮೇಲಿಡುತ್ತಾಳೆ.

ಮೊನ್ನೆ ಅಮ್ಮ ಹೇಳಿದಳು: "ನಮ್ಮಪ್ಪಂಗೆ ಓದೋಕ್ ಬರ್ತಿರ್ಲಿಲ್ಲ. ನಾನು ಇಸ್ಕೂಲಲ್ಲಿ ಕಲ್ತ ಪದ್ಯ ಹೇಳಿದ್ರೆ ಕಣ್ಮುಚ್ಕೊಂಡು ಕೇಳೋರು."

"ಯಾವ ಪದ್ಯ ಅಜ್ಜಿ?" ಎಂದಳು ಮಗಳು.

ಅಮ್ಮ ರಾಗವಾಗಿ ಒಂದು ಸಾಲು ಹೇಳಿ ನಿಲ್ಲಿಸಿದಳು. ಮುಂದಿನದು ಬರಲಿಲ್ಲ. ಮಗಳು ಸ್ವಲ್ಪ ಯೋಚಿಸಿ, ಅದೇ ರಾಗದಲ್ಲಿ ತನಗೆ ತೋಚಿದ ಸಾಲೊಂದನ್ನು ಸೇರಿಸಿದಳು.

"ಹಂಗೂ ಇದ್ದಿರ್ಬೋದು" ಎಂದಳು ಅಮ್ಮ.