ಉಮಾಬಾಯಿಯ ಪಾಲಿನ ಬಿಸಿಲು

ಉಮಾಬಾಯಿ ಊರುಗಳನ್ನು ಅಳೆಯುವುದು ಸಂಡಿಗೆಯಿಂದ. ಗಂಡ ಅಮೃತಪ್ಪನವರ ಬ್ಯಾಂಕ್ ನೌಕರಿ ರಾಯಚೂರಿನ ಈ ಹೆಣ್ಣುಮಗಳಿಗೆ ಮೂರು ಮಹಾನಗರಗಳ ನೀರು ಕುಡಿಸಿತ್ತು. ಮುಂಬಯಿಯ ಚಾಳಿನಲ್ಲಿ ಜನಕ್ಕೆ ಬರವಿರಲಿಲ್ಲ, ಆದರೆ ಸಂಡಿಗೆ ಹರವಲು ಅಂಗೈಯಗಲ ಬಿಸಿಲಿಲ್ಲ. ಬೆಂಗಳೂರಿನಲ್ಲಿ ಬಿಸಿಲುಂಟು, ಆದರೆ ಮನೆಗೊಂದು ಮಾಳಿಗೆ, ಮನೆಗೊಂದು ಗೇಟು. ಮುಯ್ಯಿಗೆ ಕರೆದರೆ ಬರುವವರಿಲ್ಲ. ಇವತ್ತು ನಿನ್ನ ಸಂಡಿಗೆಗೆ ನಾನು, ನಾಳೆ ನನ್ನ ಸಂಡಿಗೆಗೆ ನೀನು ಎನ್ನುವ ಮುಯ್ಯಿ ಇಲ್ಲದ್ದೂ ಒಂದು ಊರೇ? ಕೊನೆಗೆ ಹೈದರಾಬಾದಿನ ಉಪ್ಪಲ್‌ನಲ್ಲಿ ಇಪ್ಪತ್ತು ಮನೆಗಳಿಗೆ ಒಂದೇ ಮಾಳಿಗೆಯ ಅಪಾರ್ಟ್‌ಮೆಂಟ್ ಸಿಕ್ಕಿತು. "ಬಾಳೇ ಮಾಡಾಕ ಇದ ಛಲೋ ಊರು," ಎಂದು ಉಮಾಬಾಯಿ ತೀರ್ಪು ಕೊಟ್ಟರು.

ಆ ಮಾಳಿಗೆಯ ಮೇಲೆ ಈಗ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಶರಣಕುಮಾರನ ಕಣ್ಣು ಬಿದ್ದಿತ್ತು. ಪೂರ್ತಿ ಸೋಲಾರ್ ಹಾಕಿಸಿದರೆ ಕರೆಂಟು ಹೋದರೂ ಲಿಫ್ಟು ನಿಲ್ಲುವುದಿಲ್ಲ ಎಂದು ಅವನ ಹಟ. ಎಲ್ಲರ ಒಪ್ಪಿಗೆ ಬೇಕಿತ್ತು. ಉಳಿದವರೆಲ್ಲ ಒಪ್ಪಿದರು. ಉಮಾಬಾಯಿ ಹಿಡಿದ ಮೊಲಕ್ಕೆ ಮಾತ್ರ ಮೂರೇ ಕಾಲು.

"ಬಿಸಿಲೆಲ್ಲ ನಿಮ್ಮ ಲಿಫ್ಟಿಗೇ ಕೊಟ್ರ ನಮ್ಮ ಸಂಡಿಗಿ ಎಲ್ಲಿ ಒಣಗಬೇಕು?"

ಏಪ್ರಿಲ್‌ನಲ್ಲಿ ಉಮಾಬಾಯಿಯ ಸಂಡಿಗೆಯ ಸರದಿ ಬಂತು. ಹಿಟ್ಟು ಕುದಿಸಿ ಮಾಳಿಗೆಗೆ ಒಯ್ದದ್ದೇ ತಡ, ಕರೆಂಟು ಹೋಗಿ ಲಿಫ್ಟು ನಿಂತಿತು. ಮೊದಲ ಮಹಡಿಯ ಸತ್ಯಭಾಮಾ ಇನ್ನೂ ಬಂದಿರಲಿಲ್ಲ. ಮೈಸೂರು ಕಡೆಯ ಹೆಂಗಸು, ಮೊಣಕಾಲು ನೋವಿನವರು. ಹಿಂದಿನ ವಾರ ಅವರ ಸಂಡಿಗೆಗೆ ಉಮಾಬಾಯಿ ದಿನವಿಡೀ ದುಡಿದು ಬಂದಿದ್ದರು. ಎಲ್ಲಿ ಉಳಿದರೋ ಎಂದು ಉಮಾಬಾಯಿ ಇಳಿದು ಹೊರಟರು. ಮೂರನೇ ಮಹಡಿಯ ಮೆಟ್ಟಿಲ ಮೇಲೆ ಸತ್ಯಭಾಮಾ ಕೂತಿದ್ದರು. ಮುಖ ಬೆವರಿನಿಂದ ತೊಯ್ದಿತ್ತು. ಎರಡೂ ಕೈಯಲ್ಲಿ ಸಂಡಿಗೆ ಒತ್ತುವ ಒರಳು.

"ಕರೆಂಟು ಬರೂತನಾ ಕಾಯಬಾರದೇನ್ರಿ?"

"ಬಿಸಿಲು ಕಾಯುತ್ತಾ ಉಮಾಬಾಯಿ? ಮುಯ್ಯಿ ತೀರಿಸ್ದೆ ಹ್ಯಾಗೆ ಇರೋದು. ಸ್ವಲ್ಪ ಕೂತು ಬರ್ತೀನಿ, ನೀವು ಹೋಗಿ."

ತನ್ನ ಹಟ ಇವರ ಮೊಣಕಾಲಿಗೆ ಬಂದು ಕೂತಿದೆಯಲ್ಲ ಎಂದು ಉಮಾಬಾಯಿಗೆ ನಾಚಿಕೆಯಾಯಿತು. ಮೇಲೆ ಹಿಟ್ಟು ಆರಿ ಗಟ್ಟಿಯಾಗುತ್ತಿತ್ತು. ಆಗಲಿ ಎಂದು ಪಕ್ಕದಲ್ಲೇ ಕೂತು ಆಕೆಯ ಕಾಲು ಒತ್ತತೊಡಗಿದರು. ಅಷ್ಟರಲ್ಲಿ ಏದುಸಿರು ಬಿಡುತ್ತ ಶರಣಕುಮಾರ ಮೆಟ್ಟಿಲು ಹತ್ತಿ ಬಂದ.

"ಶರಣಪ್ಪಾ, ನಿನ್ನ ಸೋಲಾರ್ ಹಾಕಸು. ನಂದೂ ಒಪ್ಪಿಗಿ ಐತಿ."

ಸತ್ಯಭಾಮಾ ಗಾಬರಿಯಾದರು.

"ಮಾಳಿಗೆ ಹೋದ್ಮೇಲೆ ಸಂಡಿಗೆ ಹ್ಯಾಗೆ ಮಾಡ್ತೀರಿ?"

"ಸಂಡಿಗಿ ಇಲ್ಲದ ಊಟ ಮಾಡಬಹುದ್ರಿ. ಲಿಫ್ಟ್ ಇಲ್ದ ನೀವು ಮನ್ಯಾಗ ಸಿಕ್ಕೊಂಡು ಕೂತ್ರ, ನಾ ಯಾರ ಜೋಡಿ ಮಾತಾಡ್ಲಿ?"